ಎರಡನೆಯ ಕೆಲಸ ಎಲ್ಲಿದೆ?

ಕೇಂದ್ರ ಸರ್ಕಾರದ ಚಿತ್ರ ಸಂಸ್ಥೆಯಾದ ಸ್ಕ್ರೀನ್ ಆಸ್ಟ್ರೇಲಿಯಾದ ಆಡಳಿತ ಮಂಡಳಿಗೆ, ರಾಜ್ಯಗಳ ಚಿತ್ರ ಸಂಸ್ಥೆಗಳಿಗೆ, ಸಾರ್ವಜನಿಕ ಪ್ರಸಾರ ಸಂಸ್ಥೆಗಳಾದ ಎಬಿಸಿ ಮತ್ತು ಎಸ್‌ಬಿಎಸ್ ವಾಹಿನಿಗಳ ಕಥಾ ವಿಭಾಗಗಳಿಗೆ

ಮಾನ್ಯರೇ,

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮಗೆ ಈಗಾಗಲೇ ಕಳಿಸಿದ್ದೇನೆ. ಕನ್ನಡದಲ್ಲಿ ಮತ್ತೆ ಬರೆಯುವುದಕ್ಕೆ ಕಾರಣವಿದೆ. ಮೆಲ್ಬರ್ನ್, ಸಿಡ್ನಿ, ಬ್ರಿಸ್ಬೇನ್‌ಗಳ ಕನ್ನಡಿಗರ ಮನೆಗಳಲ್ಲಿ ಸಿನಿಮಾ ಮಾಡಿಯೇ ಸಿದ್ಧ ಎಂದು ಹಟ ಹಿಡಿದ ಮಕ್ಕಳು ಈಗ ಬೆಳೆದು ನಿಂತಿದ್ದಾರೆ. ಅವರ ಅಪ್ಪ ಅಮ್ಮಂದಿರು ನನಗೆ ಫೋನ್ ಮಾಡಿ, ಈ ಕೆಲಸ ನಂಬಿದರೆ ಜೀವನ ನಡೆಯುತ್ತದೆಯೇ ಎಂದು ಕೇಳುತ್ತಾರೆ. ಅವರಿಗೆ ಒಂದು ಮಾತು, ನಿಮಗೆ ಇನ್ನೊಂದು ಮಾತು ಹೇಳುವುದು ನನಗೆ ಇಷ್ಟವಿಲ್ಲ. ಇಬ್ಬರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನಲ್ಲಿ ಆರು ವರ್ಷ ಕನ್ನಡ ಧಾರಾವಾಹಿಗಳಲ್ಲಿ ಸಹಾಯಕ ನಿರ್ದೇಶಕಿಯಾಗಿದ್ದವಳು. ನಿನ್ನೆ ಅರ್ಧಕ್ಕೆ ನಿಂತ ದೃಶ್ಯದಲ್ಲಿ ಸೊಸೆಯ ಕೈಯಲ್ಲಿ ಎಷ್ಟು ಬಳೆ ಇದ್ದವು, ಅತ್ತೆಯ ಸೆರಗು ಯಾವ ಭುಜದ ಮೇಲಿತ್ತು, ಹಾಲಿನ ಲೋಟ ಎಷ್ಟು ತುಂಬಿತ್ತು, ಎಲ್ಲವನ್ನೂ ಬರೆದಿಟ್ಟುಕೊಂಡು ಮರುದಿನ ಜೋಡಿಸಿಕೊಡುವುದು ನನ್ನ ಹೊಣೆಯಾಗಿತ್ತು. ದಿನಕ್ಕೊಂದು ಎಪಿಸೋಡ್ ಮುಗಿಯಲೇಬೇಕಾದ ಆ ಓಟದಲ್ಲಿ ಕಲಿತದ್ದನ್ನು ಯಾವ ಶಾಲೆಯೂ ಕಲಿಸುವುದಿಲ್ಲ. 2012ರಲ್ಲಿ ಗಂಡನ ಕೆಲಸದ ನಿಮಿತ್ತ ಮೆಲ್ಬರ್ನ್‌ಗೆ ಬಂದೆ. ಈಗ ನಗರದ ಪಶ್ಚಿಮದಲ್ಲಿರುವ ಟಾರ್ನೀಟ್‌ನಲ್ಲಿ ನಮ್ಮ ಮನೆ.

ಇಲ್ಲಿಗೆ ಬಂದ ಮೇಲೆ ಮೂರು ಬಾರಿ ನನಗೆ ‘ಅಟ್ಯಾಚ್‌ಮೆಂಟ್’ ಸಿಕ್ಕಿತು. ಕನ್ನಡದ ಓದುಗರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಿತ್ರೀಕರಣವೊಂದಕ್ಕೆ ಹೊಸಬರೊಬ್ಬರನ್ನು ಸೇರಿಸಿಕೊಂಡು, ನಿರ್ದೇಶಕರೋ ಛಾಯಾಗ್ರಾಹಕರೋ ಮಾಡುವ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿ ಕಲಿಯಲು ಬಿಡುವ ವ್ಯವಸ್ಥೆ ಅದು. ಕೆಲವೊಮ್ಮೆ ಸಂಬಳವಿರುತ್ತದೆ, ಕೆಲವೊಮ್ಮೆ ಪ್ರಯಾಣದ ಖರ್ಚು ಮಾತ್ರ. ಮಹಿಳೆಯರು, ಮೂಲನಿವಾಸಿಗಳು, ವಲಸೆ ಬಂದವರು, ಅಂಗವೈಕಲ್ಯವಿರುವವರು ಉದ್ಯಮದ ಒಳಗೆ ಬರಲಿ ಎಂಬ ಉದ್ದೇಶದಿಂದ ನೀವು ಈ ವ್ಯವಸ್ಥೆಗೆ ಹಣ ಕೊಡುತ್ತೀರಿ. ಆ ಉದ್ದೇಶದ ಬಗ್ಗೆ ನನಗೆ ಗೌರವವಿದೆ. ಮೊದಲ ದಿನ ಕ್ಯಾಮೆರಾದ ಹಿಂದಿನ ಪುಟ್ಟ ಮಾನಿಟರ್ ಮುಂದೆ ನನಗೂ ಒಂದು ಕುರ್ಚಿ ಹಾಕಿದಾಗ ನನ್ನ ಕಣ್ಣು ತುಂಬಿ ಬಂದಿತ್ತು.

ಗಾಂಧಿನಗರದಲ್ಲಿ ಕಾಲ್‌ಶೀಟ್ ಎಂದರೆ ನಟರು ಕೊಡುವ ದಿನಾಂಕ. ಇಲ್ಲಿ ಅದು ಹಿಂದಿನ ಸಂಜೆ ಎಲ್ಲರಿಗೂ ಬರುವ ಹಾಳೆ. ಯಾರು ಎಷ್ಟು ಹೊತ್ತಿಗೆ ಬರಬೇಕು, ಸೂರ್ಯ ಎಷ್ಟು ಗಂಟೆಗೆ ಮುಳುಗುತ್ತಾನೆ, ಹತ್ತಿರದ ಆಸ್ಪತ್ರೆ ಯಾವುದು ಎಂಬುದೆಲ್ಲ ಅದರಲ್ಲಿರುತ್ತದೆ. ನನ್ನ ಹೆಸರು ಮೂರು ಚಿತ್ರೀಕರಣಗಳಲ್ಲೂ ಆ ಹಾಳೆಯ ತೀರಾ ಕೆಳಗೆ ಇತ್ತು. ಕೆಳಗಿರುವುದಕ್ಕೆ ನನ್ನ ತಕರಾರಿಲ್ಲ, ಕಲಿಯಲು ಹೋದವರ ಜಾಗ ಅಲ್ಲಿಯೇ. ಮೂರನೆಯ ಸಲವೂ ಅದೇ ಜಾಗದಲ್ಲಿತ್ತು ಎನ್ನುವುದಕ್ಕಾಗಿ ಈ ಪತ್ರ.

ಎರಡನೆಯ ಅಟ್ಯಾಚ್‌ಮೆಂಟ್‌ನಲ್ಲಿ ನಡೆದದ್ದೊಂದನ್ನು ಹೇಳುತ್ತೇನೆ. ಕಥೆಯಲ್ಲಿ ಒಂದು ಭಾರತೀಯ ಕುಟುಂಬವಿತ್ತು. ಕಲಾ ವಿಭಾಗದವರು ಬಹಳ ಶ್ರದ್ಧೆಯಿಂದ ದೇವರ ಮನೆ ಕಟ್ಟಿದ್ದರು. ಹಿತ್ತಾಳೆಯ ದೀಪ, ಬೆಳ್ಳಿಯ ಕುಂಕುಮದ ಭರಣಿ, ಹೂವು, ಊದುಬತ್ತಿ, ಯಾವುದರಲ್ಲೂ ಕೊರತೆಯಿರಲಿಲ್ಲ. ದೃಶ್ಯದಲ್ಲಿ ಮನೆಯ ಮಗ ಕೋಪದಿಂದ ಒಳಗೆ ಬಂದು ಅಪ್ಪನ ಜೊತೆ ವಾದ ಮಾಡಬೇಕು. ಆತ ಬೂಟು ಹಾಕಿಕೊಂಡೇ ದೇವರ ಮುಂದೆ ಬಂದು ನಿಂತ. ನಾನು ಮೊದಲ ಸಹಾಯಕ ನಿರ್ದೇಶಕರ ಬಳಿ ಹೋಗಿ ಮೆಲ್ಲಗೆ ಹೇಳಿದೆ. ಅವರು ಒಳ್ಳೆಯವರು, ಕೇಳಿಸಿಕೊಂಡರು. ಆದರೆ ಹೊತ್ತು ಮುಳುಗುತ್ತಿತ್ತು, ಕಿಟಕಿಯ ಬೆಳಕು ಹೋಗುತ್ತಿತ್ತು, ಮೇಲಾಗಿ ನಾನು ನೋಡಲು ಬಂದವಳು. ದೃಶ್ಯ ಹಾಗೆಯೇ ಮುಗಿಯಿತು. ತಿಂಗಳುಗಳ ನಂತರ ಅದು ಪ್ರಸಾರವಾದಾಗ ಹಾಸನದಿಂದ ಬಂದು ನಮ್ಮ ಜೊತೆಗಿದ್ದ ಅಮ್ಮ ಸೋಫಾದಲ್ಲಿ ಮುಂದಕ್ಕೆ ಬಾಗಿ ಕೂತು ನೋಡುತ್ತಿದ್ದರು. ಮಗಳು ಕೆಲಸ ಮಾಡಿದ್ದು ಎಂಬ ಹೆಮ್ಮೆ ಅವರಿಗೆ. ಆ ದೃಶ್ಯ ಬಂತು. “ಅಲ್ಲ ಕಣೇ, ಬೂಟು ಹಾಕಿಕೊಂಡು ದೇವರ ಮನೆಗೆ ಬಂದನಲ್ಲ, ಅಪ್ಪ ಅದಕ್ಕೇ ಬೈಯುತ್ತಿದ್ದಾನಾ?” ಎಂದರು. ಅಪ್ಪ ಬೈಯುತ್ತಿದ್ದದ್ದು ಬೇರೆ ವಿಷಯಕ್ಕೆ. ಅಲ್ಲಿಂದ ಮುಂದೆ ಅಮ್ಮನಿಗೆ ಕಥೆ ಹಿಡಿಯಲೇ ಇಲ್ಲ. ಕೊನೆಯಲ್ಲಿ ಹೆಸರುಗಳು ಓಡಿದವು. ನನ್ನ ಹೆಸರು ಇರಲಿಲ್ಲ.

ಒಂದು ಜೊತೆ ಬೂಟಿನ ಬಗ್ಗೆ ಇಷ್ಟೊಂದು ಬರೆಯಬೇಕೇ ಎಂದು ನಿಮಗೆ ಅನ್ನಿಸಬಹುದು. ಬರೆಯಲೇಬೇಕು. ಆ ಚಿತ್ರೀಕರಣದಲ್ಲಿ ಭಾರತೀಯ ಮುಖಗಳಿಗೆ ಕೊರತೆಯಿರಲಿಲ್ಲ. ಪರದೆಯ ಮೇಲಿನ ತಲೆ ಎಣಿಸಿದರೆ ನಿಮ್ಮ ಲೆಕ್ಕಪುಸ್ತಕದಲ್ಲಿ ಅದು ಒಳ್ಳೆಯ ಅಂಕ ಪಡೆಯುತ್ತದೆ. ಆದರೆ ‘ನಿಲ್ಲಿಸಿ, ಇನ್ನೊಮ್ಮೆ ತೆಗೆಯೋಣ’ ಎಂದು ಹೇಳುವ ಅಧಿಕಾರವಿದ್ದ ಯಾರಿಗೂ ಆ ಮನೆಯ ಹೊಸಿಲು ಗೊತ್ತಿರಲಿಲ್ಲ. ಗೊತ್ತಿದ್ದವಳಿಗೆ ಅಧಿಕಾರವಿರಲಿಲ್ಲ.

ತಲೆ ಎಣಿಸುವ ಕೆಲಸವನ್ನು ನೀವು ಪ್ರಾಮಾಣಿಕವಾಗಿ ಮಾಡಿದ್ದೀರಿ. 2016ರಲ್ಲಿ ಸ್ಕ್ರೀನ್ ಆಸ್ಟ್ರೇಲಿಯಾ ಪ್ರಕಟಿಸಿದ ವರದಿ 2011ರಿಂದ 2015ರವರೆಗೆ ಪ್ರಸಾರವಾದ 199 ಕಥಾ ಸರಣಿಗಳನ್ನು ನೋಡಿತ್ತು. ದೇಶದ ಜನರಲ್ಲಿ ಸುಮಾರು ಶೇ 32ರಷ್ಟು ಮಂದಿ ಆಂಗ್ಲೋ-ಸೆಲ್ಟಿಕ್ (ಬ್ರಿಟಿಷ್, ಐರಿಷ್ ಮೂಲದ) ಅಲ್ಲದ ಹಿನ್ನೆಲೆಯವರು, ಆದರೆ ಮುಖ್ಯ ಪಾತ್ರಗಳಲ್ಲಿ ಅವರ ಪಾಲು ಶೇ 18 ಎಂದು ಅದು ಮುಚ್ಚುಮರೆಯಿಲ್ಲದೆ ಹೇಳಿತು. ಅಂಗವೈಕಲ್ಯವಿರುವವರು ಜನಸಂಖ್ಯೆಯಲ್ಲಿ ಶೇ 18ರಷ್ಟಿದ್ದರೆ ಪಾತ್ರಗಳಲ್ಲಿ ಶೇ 4. ಏಳು ವರ್ಷದ ನಂತರ ನೀವೇ ಮತ್ತೆ ಎಣಿಸಿದಾಗ ಆ 4 ಏರಿದ್ದು 6.6ಕ್ಕೆ. ತಮ್ಮ ಕೊರತೆಯನ್ನು ತಾವೇ ಅಳೆದು ಊರಿಗೆಲ್ಲ ತೋರಿಸುವ ಸಂಸ್ಥೆಗಳು ಕಡಿಮೆ, ಆ ಧೈರ್ಯಕ್ಕೆ ವಂದನೆ. ಆದರೆ ಇನ್ನೊಂದು ಲೆಕ್ಕವಿದೆ, ಅದನ್ನು ಸಾರ್ವಜನಿಕರ ಮುಂದೆ ಇಡಿ ಎಂದು ಕೇಳಲು ಬಂದಿದ್ದೇನೆ. ನಿಮ್ಮ ಹಣದಲ್ಲಿ ಅಟ್ಯಾಚ್‌ಮೆಂಟ್ ಮುಗಿಸಿದವರಲ್ಲಿ, ಕಾರ್ಯಾಗಾರದ ಪ್ರಮಾಣಪತ್ರ ಪಡೆದವರಲ್ಲಿ, ಐದು ವರ್ಷದ ನಂತರ ಈ ಉದ್ಯಮದಲ್ಲಿ ಸಂಬಳ ಪಡೆದು ದುಡಿಯುತ್ತಿರುವವರು ಎಷ್ಟು ಮಂದಿ?

ನನ್ನ ಜೊತೆ ಮೊದಲ ಕಾರ್ಯಾಗಾರದಲ್ಲಿ ಹನ್ನೊಂದು ಜನರಿದ್ದರು. ಒಬ್ಬರು ಈಗ ಶಾಲೆಯಲ್ಲಿ ಪಾಠ ಹೇಳುತ್ತಾರೆ. ಒಬ್ಬರು ಮನೆ ಮಾರಾಟದ ಕಚೇರಿಯಲ್ಲಿದ್ದಾರೆ. ಇರಾನಿನಿಂದ ಬಂದ ಒಬ್ಬ ಅದ್ಭುತ ಸಂಕಲನಕಾರ ಮದುವೆಗಳ ವಿಡಿಯೊ ಜೋಡಿಸುತ್ತಾನೆ. ಉದ್ಯಮದಲ್ಲಿ ಉಳಿದವರು ಇಬ್ಬರೇ, ಇಬ್ಬರ ತಂದೆತಾಯಿಗೂ ನಗರದ ನಡುವೆ ಸ್ವಂತ ಮನೆಯಿದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಬಾಡಿಗೆ ಕಟ್ಟದೆ ಎರಡು ಕೆಲಸಗಳ ನಡುವಿನ ಎಂಟು ತಿಂಗಳನ್ನು ದಾಟಬಲ್ಲವರು ದಾಟಿದರು. ವಾರಕ್ಕೆ 50 ಗಂಟೆ ದುಡಿಮೆ ಇಲ್ಲಿ ಸಾಮಾನ್ಯ. ಬೆಳಗಿನ ಜಾವ ಐದಕ್ಕೆ ಬರಲು ಹೇಳಿದರೆ ಟಾರ್ನೀಟ್‌ನಿಂದ ಆ ಹೊತ್ತಿಗೆ ರೈಲು ನಂಬಿ ಹೊರಡುವಂತಿಲ್ಲ, ಕಾರು ಬೇಕು, ಮಗುವನ್ನು ನೋಡಿಕೊಳ್ಳಲು ಜನ ಬೇಕು. ಕಲಿಯುವ ಆಸೆಯೊಂದೇ ಸಾಲದು.

ನಿಮ್ಮ ಅರ್ಜಿ ನಮೂನೆಗಳಲ್ಲಿ ನಮ್ಮಂಥವರಿಗೆ ಒಂದು ಹೆಸರಿದೆ: ‘ಉದಯೋನ್ಮುಖ’. ಇಲ್ಲಿಗೆ ಬಂದು ಹನ್ನೆರಡು ವರ್ಷಕ್ಕೂ ಹೆಚ್ಚು ಕಳೆದ ಮೇಲೂ ನಾನು ಅದೇ ಚೌಕಕ್ಕೆ ಗುರುತು ಹಾಕುತ್ತಿದ್ದೇನೆ, ಏಕೆಂದರೆ ಮುಂದಿನ ಚೌಕಕ್ಕೆ ಬೇಕಾದದ್ದು ಟೈಟಲ್ ಕಾರ್ಡ್‌ನಲ್ಲಿ ಹೆಸರು. ಬೆಂಗಳೂರಿನಲ್ಲಿ ನನ್ನ ಹೆಸರು ನೂರಾರು ಎಪಿಸೋಡ್‌ಗಳಲ್ಲಿ ಬಂದಿದೆ. ಅದು ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ಲಾಗೋಸಿನಲ್ಲಿ, ಮನಿಲಾದಲ್ಲಿ, ಟೆಹರಾನಿನಲ್ಲಿ, ಚೆನ್ನೈನಲ್ಲಿ ದುಡಿದು ಬಂದ ಪರಿಣತರು ನಿಮ್ಮ ಬಾಗಿಲಲ್ಲಿ ಎಳೆಯರ ಸಾಲಿನಲ್ಲಿ ನಿಂತಿದ್ದಾರೆ. ಅವರಿಗೆ ಮತ್ತೊಂದು ಕಾರ್ಯಾಗಾರ ಬೇಡ. ಕೆಲಸ ಬೇಕು. ಮನೆಗೆ ಕರೆದು, ಆದರದಿಂದ ಕೂರಿಸಿ, ಎಲೆ ಹಾಕದೆ ಕಳಿಸಿದ ಹಾಗಾಗಿದೆ ನಮ್ಮ ಸ್ಥಿತಿ.

ಇದು ಈ ದೇಶದಲ್ಲಿ ಸಾಧ್ಯವಿಲ್ಲದ್ದೇನಲ್ಲ. ಸಾಧ್ಯ ಮಾಡಿ ತೋರಿಸಿದವರು ಇಲ್ಲಿಯೇ ಇದ್ದಾರೆ. ಅದಕ್ಕಾಗಿಯೇ ನನಗೆ ಇಷ್ಟು ಭರವಸೆ, ಅದಕ್ಕಾಗಿಯೇ ಇಷ್ಟು ಸಂಕಟ ಕೂಡ.

1980ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮೂಲನಿವಾಸಿಗಳು ತಮ್ಮದೇ ಮಾಧ್ಯಮ ಸಂಸ್ಥೆಯೊಂದನ್ನು ಕಟ್ಟಿದರು. ಸೆಂಟ್ರಲ್ ಆಸ್ಟ್ರೇಲಿಯನ್ ಅಬಾರಿಜಿನಲ್ ಮೀಡಿಯಾ ಅಸೋಸಿಯೇಷನ್, ಎಲ್ಲರ ಬಾಯಲ್ಲಿ ‘ಕಾಮಾ’. ಅಲ್ಲಿ ಹುಡುಗ ಹುಡುಗಿಯರು ರೇಡಿಯೊ ನಡೆಸುತ್ತ, ಕ್ಯಾಮೆರಾ ಹೊರುತ್ತ ಕಲಿತರು. ಇಂದಿನ ಹೆಸರಾಂತ ನಿರ್ದೇಶಕರಾದ ರೇಚಲ್ ಪರ್ಕಿನ್ಸ್ ಮತ್ತು ವಾರ್ವಿಕ್ ಥಾರ್ನ್‌ಟನ್ ಅಲ್ಲಿ ಪಳಗಿದವರು. 1993ರಲ್ಲಿ ಅಂದಿನ ಆಸ್ಟ್ರೇಲಿಯನ್ ಫಿಲ್ಮ್ ಕಮಿಷನ್ ಮೂಲನಿವಾಸಿಗಳಿಗಾಗಿ ಪ್ರತ್ಯೇಕ ವಿಭಾಗ ತೆರೆಯಿತು. 2008ರಲ್ಲಿ ಸ್ಕ್ರೀನ್ ಆಸ್ಟ್ರೇಲಿಯಾ ಹುಟ್ಟಿದಾಗ ಆ ವಿಭಾಗ ನಿಮ್ಮ ಮನೆಗೆ ಬಂತು. ಆ ವಿಭಾಗ ಆರಂಭದ ದಿನಗಳಲ್ಲಿ ಮಾಡಿದ್ದೇನು? ಆರು ಜನರಿಗೆ ಕಿರುಚಿತ್ರ ಮಾಡಲು ಹಣ ಕೊಟ್ಟಿತು. ತರಬೇತಿಯ ಕೊನೆಯಲ್ಲಿ ಪ್ರಮಾಣಪತ್ರ ಇರಲಿಲ್ಲ, ಒಂದು ಚಿತ್ರವಿತ್ತು. 1996ರ ಆ ಕಂತಿನಲ್ಲಿ ಥಾರ್ನ್‌ಟನ್ ಅವರ ಮೊದಲ ಕಿರುಚಿತ್ರವೂ ಇತ್ತು. ಆಮೇಲೆ ಅವರನ್ನು ಮರೆತುಬಿಡಲಿಲ್ಲ. ಎರಡನೆಯ ಕಿರುಚಿತ್ರ, ಮೂರನೆಯದು, ನಾಲ್ಕನೆಯದು. 2009ರಲ್ಲಿ ಅವರ ಮೊದಲ ಪೂರ್ಣ ಪ್ರಮಾಣದ ಚಿತ್ರ ‘ಸ್ಯಾಮ್ಸನ್ ಅಂಡ್ ಡಿಲೈಲಾ’ ಕಾನ್ ಚಿತ್ರೋತ್ಸವದಲ್ಲಿ ಮೊದಲ ಚಿತ್ರಗಳಿಗೆ ಕೊಡುವ ಕ್ಯಾಮೆರಾ ಡೋರ್ ಪ್ರಶಸ್ತಿ ಪಡೆಯಿತು. ಮೊದಲ ಕಿರುಚಿತ್ರದಿಂದ ಅಲ್ಲಿಗೆ 13 ವರ್ಷ. ಈ 13 ವರ್ಷವನ್ನು ಯಾರೋ ತಾಳ್ಮೆಯಿಂದ ಕಾದರು, ನಡುನಡುವೆ ಕೆಲಸ ಕೊಡುತ್ತ ಕಾದರು.

2012ರಲ್ಲಿ ಎಬಿಸಿಯಲ್ಲಿ ಬಂದ ‘ರೆಡ್‌ಫರ್ನ್ ನೌ’ ಸರಣಿಯನ್ನು ನೆನೆಸಿಕೊಳ್ಳಿ. ಬರೆದವರು, ನಿರ್ದೇಶಿಸಿದವರು, ನಿರ್ಮಿಸಿದವರು ಮೂಲನಿವಾಸಿಗಳು. ಧಾರಾವಾಹಿ ಬರವಣಿಗೆಯಲ್ಲಿ ನುರಿತ ಬ್ರಿಟಿಷ್ ಲೇಖಕ ಜಿಮ್ಮಿ ಮೆಕ್‌ಗವರ್ನ್ ಅವರನ್ನು ಜೊತೆಗೆ ಕರೆಸಲಾಗಿತ್ತು. ಅವರು ಕಥೆಯನ್ನು ತಮ್ಮದಾಗಿ ಮಾಡಿಕೊಳ್ಳಲಿಲ್ಲ, ಬರೆಯುವವರ ಬೆನ್ನ ಹಿಂದೆ ನಿಂತು ಕಸುಬು ಹೇಳಿಕೊಟ್ಟರು. ಅನುಭವಿ ಪಕ್ಕದಲ್ಲಿ, ಹೊಸಬರು ಕುರ್ಚಿಯಲ್ಲಿ. ನನ್ನ ಮೂರು ಅಟ್ಯಾಚ್‌ಮೆಂಟ್‌ಗಳಲ್ಲಿ ಇದು ತಿರುಗುಮುರುಗಾಗಿತ್ತು. ವೃತ್ತಿ ಬೆಳವಣಿಗೆ ಎಂಬ ಮಾತನ್ನು ನೀವು ಎಷ್ಟು ಸಲ ಬರೆದರೂ, ಕುರ್ಚಿಯಲ್ಲಿ ಕೂರುವವರು ಯಾರು ಎಂಬ ಪ್ರಶ್ನೆ ಅಲ್ಲಿಯೇ ಇರುತ್ತದೆ.

ವಲಸಿಗರ ವಿಷಯದಲ್ಲೂ ದಾರಿ ಕಂಡಿದೆ. ಸಿಡ್ನಿಯ ಪಶ್ಚಿಮದ ಎಂಟು ಲೇಖಕರು ಕೂಡಿ ಬರೆದ ‘ಹಿಯರ್ ಔಟ್ ವೆಸ್ಟ್’ 2021ರ ಸಿಡ್ನಿ ಚಿತ್ರೋತ್ಸವದ ಉದ್ಘಾಟನಾ ಚಿತ್ರವಾಯಿತು. ಅವರಲ್ಲಿ ಹೆಚ್ಚಿನವರಿಗೆ ಅದು ದೊಡ್ಡ ಪರದೆಯ ಮೊದಲ ಅವಕಾಶ. ಬಂಗಾಳಿ, ಅರಬಿ, ಟರ್ಕಿಷ್, ವಿಯೆಟ್ನಾಮೀಸ್ ಮಾತುಗಳು ಮನೆಯಲ್ಲಿ ಹೇಗೆ ಆಡುತ್ತಾರೋ ಹಾಗೆಯೇ ಅದರಲ್ಲಿ ಕೇಳಿಸಿದವು. 2024ರಲ್ಲಿ ಎಸ್‌ಬಿಎಸ್‌ನಲ್ಲಿ ಮಿಥಿಲಾ ಗುಪ್ತಾ ಅವರ ‘ಫೋರ್ ಇಯರ್ಸ್ ಲೇಟರ್’ ಬಂತು. ಜೈಪುರ ಮತ್ತು ಸಿಡ್ನಿಯ ನಡುವೆ ಹರಿದುಹೋದ ಒಂದು ದಾಂಪತ್ಯದ ಕಥೆ. ಅದರಲ್ಲಿ ಗಂಡ ಹೆಂಡತಿ ಹಿಂದಿಯಲ್ಲಿ ಜಗಳವಾಡುತ್ತಾರೆ, ಏಕೆಂದರೆ ಅಂಥ ಗಂಡ ಹೆಂಡತಿ ಹಿಂದಿಯಲ್ಲೇ ಜಗಳವಾಡುತ್ತಾರೆ. ಇಷ್ಟು ಸರಳವಾದ ನಿಜ ಪರದೆಗೆ ಬರಲು ಅದನ್ನು ಸೃಷ್ಟಿಸಿದವರ ಕೈಯಲ್ಲಿ ಅಧಿಕಾರವಿರಬೇಕಾಯಿತು. ಗುಪ್ತಾ ಅವರು ಅದಕ್ಕೆ ಮೊದಲು ವರ್ಷಗಟ್ಟಲೆ ಬೇರೆಯವರ ಸರಣಿಗಳಿಗೆ ಬರೆದು ಪಳಗಿದವರು. ಎರಡನೆಯ ಕೆಲಸ, ಮೂರನೆಯ ಕೆಲಸ, ಹತ್ತನೆಯ ಕೆಲಸ ಸಿಕ್ಕಿದ್ದರಿಂದಲೇ ಅವರು ಅಲ್ಲಿಗೆ ಬಂದರು.

2021ರ ಜನಗಣತಿಯ ಪ್ರಕಾರ ಈ ದೇಶದ ಜನರಲ್ಲಿ ಶೇ 27.6ರಷ್ಟು ಮಂದಿ ಹೊರದೇಶದಲ್ಲಿ ಹುಟ್ಟಿದವರು. ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ಬಿಟ್ಟರೆ ಅತಿ ಹೆಚ್ಚು ಜನರ ಹುಟ್ಟೂರು ಭಾರತ, 6,73,000ಕ್ಕೂ ಹೆಚ್ಚು. ಎಬಿಸಿಯ ಕಾನೂನು 1983ರಿಂದಲೂ ಸಮುದಾಯದ ಸಾಂಸ್ಕೃತಿಕ ವೈವಿಧ್ಯವನ್ನು ಪ್ರತಿಬಿಂಬಿಸಬೇಕೆಂದು ಹೇಳುತ್ತದೆ. ಎಸ್‌ಬಿಎಸ್ ಹುಟ್ಟಿದ್ದೇ ಬಹುಭಾಷೆಗಾಗಿ. ಕಾನೂನು ಹಾಗೆ ಹೇಳುತ್ತಿರುವಾಗ ನಾನು ಕೇಳುತ್ತಿರುವುದು ಉಪಕಾರವಲ್ಲ.

ಹಣದ ವಿಷಯಕ್ಕೆ ಬರುತ್ತೇನೆ. ಹೊರದೇಶದ ದೊಡ್ಡ ಚಿತ್ರಗಳು ಇಲ್ಲಿ ಚಿತ್ರೀಕರಣ ಮಾಡಿದರೆ ಸಿಗುವ ಲೊಕೇಶನ್ ಆಫ್‌ಸೆಟ್ ತೆರಿಗೆ ರಿಯಾಯಿತಿಯನ್ನು ಶೇ 16.5ರಿಂದ 30ಕ್ಕೆ ಏರಿಸಲಾಗಿದೆ, ಅದರ ಜೊತೆಗೆ ಸ್ಥಳೀಯರ ತರಬೇತಿಗೋ ಮೂಲಸೌಕರ್ಯಕ್ಕೋ ಕೊಡುಗೆ ನೀಡಬೇಕೆಂಬ ಷರತ್ತೂ ಬಂದಿದೆ. 2025ರ ನವೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನಿನಂತೆ, ಇಲ್ಲಿ 10 ಲಕ್ಷಕ್ಕಿಂತ ಹೆಚ್ಚು ಚಂದಾದಾರರಿರುವ ಸ್ಟ್ರೀಮಿಂಗ್ ಕಂಪನಿಗಳು ತಮ್ಮ ಆಸ್ಟ್ರೇಲಿಯಾ ವೆಚ್ಚದ ಶೇ 10ರಷ್ಟನ್ನು ಅಥವಾ ಇಲ್ಲಿನ ವರಮಾನದ ಶೇ 7.5ರಷ್ಟನ್ನು ಹೊಸ ಆಸ್ಟ್ರೇಲಿಯನ್ ಕಾರ್ಯಕ್ರಮಗಳಿಗೆ ಹಾಕಬೇಕು. ವರ್ಷಗಳ ಹೋರಾಟದ ಫಲ ಇದು, ಹೋರಾಡಿದ ಸಂಘಟನೆಗಳಿಗೆ ನಾನು ಋಣಿ. ಆದರೆ ಎಷ್ಟು ಹಣ ಹಾಕಬೇಕೆಂದು ಹೇಳುವ ಕಾನೂನು ಆ ಹಣ ಯಾರ ಕೈಗೆ ಕೆಲಸವಾಗಿ ತಲುಪಬೇಕೆಂದು ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ನೀವು. ನಿಯಮಗಳು ಇನ್ನೂ ಹಸಿಯಾಗಿರುವಾಗಲೇ ಹೇಳಬೇಕು.

ಸಾರ್ವಜನಿಕ ಹಣ ಪಡೆದ ಸರಣಿಯಲ್ಲಿ ನಿರ್ದೇಶನಕ್ಕೆ ಅಟ್ಯಾಚ್‌ಮೆಂಟ್ ಪಡೆದವರಿಗೆ ಅದೇ ಸರಣಿಯ ಮುಂದಿನ ಸೀಸನ್‌ನಲ್ಲಿ ಒಂದು ಎಪಿಸೋಡ್ ಕೊಡಿ. ಮುಂದಿನ ಸೀಸನ್ ಬರದಿದ್ದರೆ ಅದೇ ನಿರ್ಮಾಪಕರ ಮುಂದಿನ ಕೆಲಸದಲ್ಲಿ ಸಂಬಳದ ಹುದ್ದೆ ಕೊಡಿ. ಕಥಾ ಚರ್ಚೆಯ ಕೋಣೆಯಲ್ಲಿ ಟಿಪ್ಪಣಿ ಬರೆದುಕೊಳ್ಳಲು ಕೂರಿಸಿದವಳಿಗೂ ಹೀಗೆಯೇ: ಎರಡನೆಯ ವರ್ಷ ಅವಳು ಒಂದು ಎಪಿಸೋಡ್ ಬರೆಯಲಿ. ಸಂಬಳವಿಲ್ಲದ ಅಟ್ಯಾಚ್‌ಮೆಂಟ್‌ಗೆ ನಿಮ್ಮ ಹೆಸರು ಸೇರಿಸಬೇಡಿ, ಒಂದು ದಿನದ್ದಾದರೂ ಸರಿ. ದೇವರ ಮನೆ ಹೀಗಿರಬೇಕೇ, ಈ ಮಾತನ್ನು ಅಜ್ಜಿ ಹೇಗೆ ಹೇಳುತ್ತಾಳೆ ಎಂದು ಊಟದ ಬಿಡುವಿನಲ್ಲಿ ಕೇಳಿ ಪಡೆಯುವ ತಿಳಿವಳಿಕೆಗೂ ಬೆಲೆ ಕಟ್ಟಿ, ಟೈಟಲ್ ಕಾರ್ಡ್‌ನಲ್ಲಿ ಹೆಸರು ಹಾಕಿ. ಬೇರೆ ದೇಶದ ಅನುಭವವನ್ನು ಅನುಭವವೆಂದೇ ಒಪ್ಪಿಕೊಳ್ಳಿ. ಪರಿಶೀಲಿಸಲು ಆಗುವುದಿಲ್ಲ ಎನ್ನಬೇಡಿ, ನಮ್ಮ ಕಂಪ್ಯೂಟರ್ ಎಂಜಿನಿಯರ್‌ಗಳ ಹತ್ತು ವರ್ಷದ ಅನುಭವವನ್ನು ಇದೇ ದೇಶ ವೀಸಾ ಕೊಡುವಾಗ ಪರಿಶೀಲಿಸಿ ಒಪ್ಪಿಕೊಂಡಿದೆ. ಅರ್ಜಿಗಳನ್ನು ಓದಿ ಅಂತಿಮ ತೀರ್ಮಾನ ಮಾಡುವ ಜಾಗದಲ್ಲಿ ನಮ್ಮವರನ್ನು ಕೂರಿಸಿ, ಸಲಹಾ ಸಮಿತಿಯಲ್ಲಿ ಮಾತ್ರವಲ್ಲ. ಮತ್ತು ಮೊದಲೇ ಕೇಳಿದ ಆ ಐದು ವರ್ಷದ ಲೆಕ್ಕವನ್ನು ಪ್ರತಿ ವರ್ಷ ಪ್ರಕಟಿಸಿ. ಅದು ಹೊರಬಂದರೆ ಉಳಿದದ್ದಕ್ಕೆಲ್ಲ ನೀವೇ ದಾರಿ ಹುಡುಕುತ್ತೀರಿ ಎಂಬ ನಂಬಿಕೆ ನನಗಿದೆ.

ಇನ್ನು ಕನ್ನಡದ ಅಪ್ಪ ಅಮ್ಮಂದಿರಿಗೆ ಎರಡು ಮಾತು. ಜೀವನ ನಡೆಯುತ್ತದೆಯೇ ಎಂದು ಕೇಳುತ್ತೀರಿ. ಕಷ್ಟವಿದೆ, ಸುಳ್ಳು ಹೇಳುವುದಿಲ್ಲ. ಆದರೂ ಮಕ್ಕಳನ್ನು ತಡೆಯಬೇಡಿ. ನಮ್ಮ ಸಂಘಗಳು ಯುಗಾದಿಗೆ, ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಕಲಾವಿದರನ್ನು ಕರೆಸಲು ಖರ್ಚು ಮಾಡುತ್ತವೆ, ಮಾಡಲಿ. ಅದರಲ್ಲಿ ಒಂದು ಪಾಲನ್ನು ಇಲ್ಲಿಯೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳ ಮೊದಲ ಕಿರುಚಿತ್ರಕ್ಕೆ ಕೊಡಿ. ಕಾಮಾ ಕಟ್ಟಿದವರು ಸರ್ಕಾರ ಬರಲಿ ಎಂದು ಕಾದು ಕೂತಿರಲಿಲ್ಲ.

ಅಂಥ ಹುಡುಗಿಯೊಬ್ಬಳು ನನಗೆ ಗೊತ್ತು. ನಮ್ಮ ಭಾಗದ ಭಾನುವಾರದ ಕನ್ನಡ ಶಾಲೆಯಲ್ಲಿ ನನ್ನ ಹತ್ತಿರ ಕಾಗುಣಿತ ಕಲಿತವಳು, ಈಗ ಹತ್ತೊಂಬತ್ತು. ಕಳೆದ ಚಳಿಗಾಲದಲ್ಲಿ ತನ್ನ ಅಜ್ಜಿ ವಿಡಿಯೊ ಕರೆಯಲ್ಲಿ ರೊಟ್ಟಿ ತಟ್ಟುವುದನ್ನು ಹೇಳಿಕೊಡುವ ಏಳು ನಿಮಿಷದ ಚಿತ್ರ ಮಾಡಿದಳು. ಸಂಪರ್ಕ ಕಡಿದುಹೋದಾಗ ಪರದೆಯ ಮೇಲೆ ಅಜ್ಜಿಯ ಕೈ ಗಾಳಿಯಲ್ಲಿ ನಿಂತುಬಿಡುತ್ತದೆ, ಇತ್ತ ಕಾವಲಿಯ ಮೇಲೆ ರೊಟ್ಟಿ ಸೀದು ಹೊಗೆ ಏಳುತ್ತದೆ, ಹುಡುಗಿ ಅಲ್ಲಾಡದೆ ಆ ಕೈಯನ್ನೇ ನೋಡುತ್ತಿರುತ್ತಾಳೆ. ಆ ಒಂದು ನಿಮಿಷವನ್ನು ಕತ್ತರಿಸದೆ ಹಾಗೆಯೇ ಬಿಡುವ ಧೈರ್ಯ ನನಗೆ ಆ ವಯಸ್ಸಿನಲ್ಲಿ ಇರಲಿಲ್ಲ. ಅವಳು ಈ ಸಲ ನಿಮ್ಮ ಅಟ್ಯಾಚ್‌ಮೆಂಟ್ ಒಂದಕ್ಕೆ ಅರ್ಜಿ ಹಾಕಿದ್ದಾಳೆ, ‘ಉದಯೋನ್ಮುಖ’ ಚೌಕಕ್ಕೆ ಗುರುತು ಹಾಕಿ. ಅವಳಿಗೆ ಅದು ಸಿಗಲಿ. ಅದು ಮುಗಿದ ಮರುದಿನ ಅವಳಿಗೆ ಯಾರು ಫೋನ್ ಮಾಡುತ್ತಾರೆ ಎಂದು ನಿಮ್ಮ ಕಚೇರಿಯಿಂದ ನನಗೆ ಲಿಖಿತ ಉತ್ತರ ಬೇಕು.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಸಹಾಯಕ ನಿರ್ದೇಶಕಿ
ಟಾರ್ನೀಟ್, ಮೆಲ್ಬರ್ನ್